ಕತ್ತಲಿಗೆ ಹಾಕಿದ ಸುತ್ತು

ಜೂನ್ 9, ಭಾನುವಾರ. ಬೆಳಿಗ್ಗೆ 7.00
ಆಂಡ್ರೋಮಿಡಾ ಗ್ಯಾಲಕ್ಸಿಯಲ್ಲಿ ಹೊಸ ಎಕ್ಸ್‌ರೇ ಚುಕ್ಕೆ! ಹಿಂದಿನ ನಲವತ್ತು ಚಿತ್ರಗಳಲ್ಲಿ ಇಲ್ಲ, ಇದರಲ್ಲಿ ಇದೆ. ಮೊಮ್ಮಗಳು ಸಂಧ್ಯಾರಾಣಿಗೆ ಫೋನ್ ಮಾಡಿ ಕೂಗಿದೆ.

7.20
ಒಪ್ಪಿಕೊಂಡೆ. ಸ್ಕ್ರೀನಿಗೆ ಅಂಟಿದ್ದ ಸಾಸಿವೆ. ಅಂಟಿದ್ದಲ್ಲ, ಅಂಟಿಸಿದ್ದು. ಹೆಂಡತಿ ಕಸ್ತೂರಮ್ಮನ ಒಗ್ಗರಣೆ ಡಬ್ಬಿಯದು.
"ಅಜ್ಜಾ, ಎದೆ ಧಸಕ್ ಅಂತು! ಗೈಡ್‌ಗೆ ಹೇಳಾಕೆ ಹೊಂಟಿದ್ದೆ."
"ನಿಂಗೆ ಪಿಎಚ್.ಡಿ., ನಂಗೆ ಬಿ.ಪಿ. ಇಬ್ರಿಗೂ ಏನಾರ ಒಂದು ಬರ್ಲಿ ಬಿಡವ್ವ."
ಸಂಧ್ಯಾಳ ಸಂಶೋಧನೆಗೆ ನನ್ನ ಕೆಲಸ ಇಷ್ಟೇ. ಒಂದೇ ಜಾಗದ ಚಿತ್ರಗಳನ್ನು ಸರಸರನೆ ತಿರುವುತ್ತಾ ಹೋಗುವುದು. ಹೊತ್ತಿ ಆರಿಹೋಗುವ ಚುಕ್ಕೆ ಕಂಡರೆ ಸುತ್ತು ಹಾಕಿ ಅವಳಿಗೆ ಕಳಿಸುವುದು. 'ಕ್ಷಣಿಕ ಮೂಲ' ಅಂತೆ ಅದರ ಹೆಸರು. ನನ್ನ ಮೂಲ ಮೂವತ್ತು ವರ್ಷದ್ದು, ಕ್ಷಣಿಕವಲ್ಲ. ಹೊನ್ನಾಳಿ ಟಾಕೀಸಿನಲ್ಲಿ ರೀಲು ಓಡಿಸಿದ ಕಣ್ಣು ಏನನ್ನೂ ಬಿಡುವುದಿಲ್ಲ... ಅದು ಅವಳ ನಂಬಿಕೆ.

ಜೂನ್ 14. ಮಧ್ಯಾಹ್ನ
ಇನ್ನೂರು ಚಿತ್ರ. ಏನೂ ಇಲ್ಲ. ಬೇಜಾರು. ಒಂದು ಚಿತ್ರದ ಬರೀ ಕತ್ತಲಿಗೆ ಸುತ್ತು ಹಾಕಿ ಕಳಿಸಿಬಿಟ್ಟೆ. ಬಲಗಡೆ ಮೇಲಿನ ಮೂಲೆ. ರೀಲು ಮುಗಿಯುವ ಮುಂಚೆ ಪರದೆಯಲ್ಲಿ ಚುಕ್ಕೆ ಮಿಂಚುತ್ತಿದ್ದ ಜಾಗ. ಅದು ಕಂಡೊಡನೆ ಟಾಕೀಸಿನ ಜೊತೆಗಾರ, ಬಿಳಿಚೋಡಿನ ಗಾದ್ರಪ್ಪ ಎರಡನೇ ಮಷೀನು ಹಚ್ಚುತ್ತಿದ್ದ. ಅವನು ಹೋಗಿ ಹನ್ನೊಂದು ವರ್ಷವಾಯಿತು.
ಸಂಧ್ಯಾಳ ಫೋನ್ ಬಂದಾಗ ಹೇಳಿ ನಕ್ಕರಾಯಿತು.

ಜೂನ್ 30, ಭಾನುವಾರ
ಫೋನ್ ಬರಲಿಲ್ಲ. ಅವಳೇ ಬಂದಳು, ಕೈಯಲ್ಲಿ ಬೆಣ್ಣೆ ಬಿಸ್ಕತ್ತು.
"ಅಲ್ಲಿ ಐತೆ ಅಜ್ಜಾ! ನನ್ನ ಕಣ್ಣಿಗೆ ಕಾಣಲ್ಲ, ಲೆಕ್ಕದಾಗೆ ಐತೆ. ಏಳು ಫೋಟಾನ್, ಅಂದ್ರೆ ಎಕ್ಸ್‌ರೇ ಕಣ. ಬೇರೆ ಚಿತ್ರದಾಗೆ ಒಂದೂ ಇಲ್ಲ."
"ಏಳು ಅಂದ್ರೆ... ಸಾಕಾ?"
"ಸಾಲಲ್ಲ. ಆದ್ರೆ ಲೆಕ್ಕ ನೋಡ್ದಂಗೆ ನೀವು ಬರೀ ಕಣ್ಣಾಗೆ ಹಿಡಿದ್ರಲ್ಲ, ಅದಕ್ಕೇ ಗೈಡ್ ಒಪ್ಪಿದ್ರು. ವರ್ಷಕ್ಕೆ ಒಂದೇ ಅರ್ಜಿ, ದೂರದರ್ಶಕ ಆ ಕಡೆ ತಿರುಗಿಸ್ರಿ ಅಂತ. ನಾನು ಮೊದ್ಲೇ ಹಿಡಿದಿದ್ದ ಗಟ್ಟಿ ಚುಕ್ಕೆ ಕೈಬಿಟ್ಟು ಇದನ್ನೇ ಹಾಕ್ತೀನಿ. ಶುಕ್ರವಾರ ಐದಕ್ಕೆ ಕೊನೆ."
ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ. ಬರೀ ಕತ್ತಲಿಗೆ ಸುತ್ತು ಹಾಕಿದ್ದೆ ಎಂದು ಹೇಳಲಿಲ್ಲ.

ಜುಲೈ 3
ಅನ್ನದ ತಟ್ಟೆಯಲ್ಲಿ, ಗೋಡೆಯಲ್ಲಿ, ಬಸ್ಸಿನ ಗಾಜಿನಲ್ಲಿ — ಬಲಗಡೆ ಮೇಲೆ ಚುಕ್ಕೆ. ತಿರುಗಿದರೆ ಇಲ್ಲ. ಆ ಬೆಳಕು ಹೊರಟು ಇಪ್ಪತ್ತೈದು ಲಕ್ಷ ವರ್ಷ. ನನ್ನ ಬೆರಳಿಗೆ ಅದು ಅಲ್ಲಿದೆಯೆಂದು ಹೇಳಿದ್ದು ಯಾರು?
"ರೀ, ಆ ಮೂಲೆ ಏನು ನೋಡ್ತೀರಿ? ಹಲ್ಲಿನೂ ಇಲ್ಲ," ಎಂದಳು ಕಸ್ತೂರಮ್ಮ.

ಜುಲೈ 5, ಶುಕ್ರವಾರ. 11.00
ಹೇಳಿದೆ. "ಸಂಧ್ಯಾ, ನಾನೇನೂ ನೋಡ್ಲಿಲ್ಲ. ಸುಮ್ನೆ ಸುತ್ತು ಹಾಕಿದ್ದೆ."
ನಕ್ಕಳು. "ಹೋಗ್ರಿ ಅಜ್ಜಾ, ಈ ಸಲ ಏಮಾರಲ್ಲ! ಸುಮ್ನೆ ಹಾಕಿದ್ರೆ ಏಳು ಫೋಟಾನ್ ಹೆಂಗೆ ಬರ್ತಾವೆ?"
ಫೋನ್ ಇಟ್ಟಳು.

4.10
ಕಸ್ತೂರಮ್ಮನಿಂದ ಹೇಳಿಸಿದೆ. "ಅಮ್ಮಮ್ಮನ್ನೂ ಸೇರಿಸ್ಕೊಂಡ್ರಾ?" ಎಂದು ಇನ್ನೂ ನಕ್ಕಳಂತೆ.

4.40
ಬಾಯಿ ಮಾತು ನಡೆಯುವುದಿಲ್ಲ. ಈ ಪುಟವನ್ನೇ ಫೋಟೋ ತೆಗೆದು ಕಳಿಸುತ್ತೇನೆ. ಸಂಧ್ಯಾ, ಇದು ತಮಾಷೆಯಲ್ಲ. ನಿನ್ನ ಗಟ್ಟಿ ಚುಕ್ಕೆಯನ್ನೇ ಹಾಕು. ಜೂನ್ 14ರಂದು ಆ ಚಿತ್ರವನ್ನು ನಾನು ನೋಡಲೇ ಇಲ್ಲ. ಸುತ್ತು ಹಾಕುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಕೈ ತಾನಾಗಿ ಬಲಗಡೆ ಮೇಲಿನ ಮೂಲೆಗೆ ಹೋಯಿತು, ಗಾದ್ರಪ್ಪ ಕಾಯುತ್ತಿದ್ದ ಚುಕ್ಕೆಯ ಜಾಗಕ್ಕೆ.