ಸೊನ್ನೆ ಐದು, ಐದು ಸೊನ್ನೆ

ಪ್ರಯೋಗಾಲಯದ ಹಿಂದಿನ ಕೋಣೆ,
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಕಾಲುನೋವು ಸ್ವಲ್ಪವಾದರೂ ಇಳಿಯಿತಾ? ಆಸ್ಪತ್ರೆಯಲ್ಲಿ ಪಕ್ಕದ ಮಂಚದವರ ಗೊರಕೆಗೆ ನಿನಗೆ ನಿದ್ದೆಯಿಲ್ಲ ಎಂದು ಅತ್ತಿಗೆ ಹೇಳಿದರು. ನಿನ್ನ ಗೊರಕೆ ಕೇಳಿ ಬೆಳೆದ ನನಗೆ ಆ ಪಕ್ಕದವರ ಮೇಲೇ ಕನಿಕರ. ನಿನ್ನೆ ಅಂಗಡಿ ಬಾಗಿಲು ತೆಗೆದು ನಿನ್ನ ಹೊಲಿಗೆ ಮಷೀನಿಗೆ ಎಣ್ಣೆ ಬಿಟ್ಟು ಬಂದೆ. ಪೆಡಲ್ಲಿನ ಮೇಲೆ ನಿನ್ನ ಬಲಗಾಲು ಸವೆಸಿದ ಗುರುತು ಹಾಗೇ ಇದೆ. ಕ್ಯಾನ್ಸರ್ ಗಂಟು ಎಂದು ಗುರುವಾರ ಅದೇ ಕಾಲನ್ನು ಮಂಡಿಯಿಂದ ಕೆಳಗೆ ತೆಗೆಯುತ್ತಾರೆ ಎಂದು ನೆನೆದರೆ ನನ್ನ ಜೀವ ಬಾಯಿಗೆ ಬರುತ್ತದೆ.

ನೋಡು, ಹೇಳಬೇಕಾದ್ದು ಬಿಟ್ಟು ಸುತ್ತಿ ಬಳಸುತ್ತಿದ್ದೇನೆ. ಪರೀಕ್ಷೆಗೆ ಬರುವ ಪ್ರತಿ ಸೀಸೆಯ ಹನ್ನೆರಡು ಅಂಕಿಯ ಸಂಖ್ಯೆಯನ್ನು, ಅದರೊಳಗಿನ ತುಣುಕನ್ನು ಇಟ್ಟು ನೋಡುವ ಗಾಜಿನ ಪಟ್ಟಿಗೆ ಇಳಿಸುವುದು ನನ್ನ ಕೆಲಸ. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾಗುವಂತೆ ಹೊಂದಿಸಿಯೇ ಸಂಖ್ಯೆ ಕೊಟ್ಟಿರುತ್ತಾರೆ. ಭಾಗವಾಗದಿದ್ದರೆ ನಾನು ತಪ್ಪು ಬರೆದೆ ಎಂದರ್ಥ. ಚಿಕ್ಕಂದಿನಲ್ಲಿ ನನ್ನ ಗುಣಾಕಾರ ತಿದ್ದುತ್ತಾ "ಒಂಬತ್ತು ಸುಳ್ಳು ಹೇಳಲ್ಲ ಕಣೇ" ಎಂದವನು ನೀನು. ಅದನ್ನೇ ನಂಬಿಕೊಂಡು ಬಂದೆ.

ನಿನ್ನ ಕಾಲಿನ ಗಂಟಿನ ತುಣುಕು ಬಂದ ದಿನ ಬೇರೆಯವರಿಗೆ ಬಿಡದೆ ನಾನೇ ಬರೆದೆ. ನಿನ್ನದೆಂದು ಎರಡೆರಡು ಸಲ ಕೂಡಿದೆ. ಐವತ್ತನಾಲ್ಕು ಬಂತು, ನಿರಾಳವಾಯಿತು. ಇವತ್ತು ಬೆಳಿಗ್ಗೆ ಹಳೆಯ ಸೀಸೆಗಳನ್ನು ಎತ್ತಿಡುವಾಗ ನೋಡುತ್ತೇನೆ, ನಿನ್ನದರ ಮೇಲೆ 483162705297. ನಾನು ಇಳಿಸಿದ್ದು 483162750297. ಜಾಗ ಬದಲಾದರೆ ಮೊತ್ತ ಬದಲಾಗುವುದಿಲ್ಲವಲ್ಲ ಅಣ್ಣಾ! ಎರಡಕ್ಕೂ ಇರುವ ವ್ಯತ್ಯಾಸ ನಲವತ್ತೈದು ಸಾವಿರ, ಅದೂ ಒಂಬತ್ತರಿಂದ ಭಾಗವಾಗುತ್ತದೆ. ಯಾವ ಎರಡು ಅಂಕಿ ಅದಲುಬದಲಾದರೂ ಹೀಗೇ. ಬೇರೆ ಬೇರೆ ಅಂಕಿ ಹಾಕಿ ನೋಡಿದೆ. ಇಷ್ಟು ವರ್ಷದಲ್ಲಿ ಇನ್ನೆಷ್ಟು ತಪ್ಪು ಹೀಗೆ ನುಸುಳಿವೆಯೋ.

ಆ ಇನ್ನೊಂದು ಸಂಖ್ಯೆಯ ಸೀಸೆಯೂ ಅದೇ ತಟ್ಟೆಯಲ್ಲಿತ್ತು. ದಿನದ ಪಟ್ಟಿಯಲ್ಲಿ ಉಳಿದಿದ್ದ ಒಂದೇ ಸಂಖ್ಯೆಯನ್ನು, ಅಂದರೆ ನಿನ್ನದನ್ನು, ಅದಕ್ಕೆ ಬರೆದುಬಿಟ್ಟಿದ್ದೇನೆ. ಅವರ ಫಲಿತಾಂಶ ನಿನಗೆ, ನಿನ್ನದು ಅವರಿಗೆ ಹೋಗಿದೆ. ಮೇಲಧಿಕಾರಿಗೆ ಹೇಳಿದರೆ, "ಮೊತ್ತ ಸರಿ ಬಂದಿದೆಯಲ್ಲಮ್ಮ, ಅಣ್ಣನ ಚಿಂತೇಲಿ ನಿಂಗೆ ಏನೇನೋ ಕಾಣ್ತಿದೆ, ಹೋಗಿ ನೀರು ಕುಡಿ" ಎಂದರು. ಅತ್ತಿಗೆಯ ಫೋನ್ ಹತ್ತುತ್ತಿಲ್ಲ. ನೀನಿರುವ ಆಸ್ಪತ್ರೆಯವರು ಬರೆದು ಕೊಟ್ಟರೆ ಮತ್ತೆ ನೋಡುತ್ತೇವೆ ಎನ್ನುತ್ತಾರೆ ಇಲ್ಲಿಯವರು. ಅಲ್ಲಿಗೆ ಬರುವ ನಮ್ಮ ವ್ಯಾನಿನ ಡ್ರೈವರಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಅವರು ಹಾರ್ನ್ ಹೊಡೆಯುತ್ತಲೇ ಇದ್ದಾರೆ.

ನನ್ನನ್ನು ಬೈಯಬೇಕೆನಿಸಿದರೆ ಮನಸಾರೆ ಬೈದುಬಿಡು. ಅತ್ತಿಗೆಗೆ ಧೈರ್ಯ ಹೇಳು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ, ನೀನು ರೇಗಿಸಿ ಕರೆಯುವ
ಪಿಟೀಲು

ಮರೆತ ಮಾತು: ಯಾರು ಏನೇ ಹೇಳಲಿ, ಗುರುವಾರ ಆಪರೇಷನ್ನಿನ ಒಪ್ಪಿಗೆಗೆ ಸಹಿ ಹಾಕಬೇಡ. ಇನ್ನೊಮ್ಮೆ ತುಣುಕು ತೆಗೆದು ನೋಡಿ ಎಂದು ಹಟ ಹಿಡಿ. ನಿನ್ನ ಗಂಟಿನಲ್ಲಿ ಏನೂ ಇಲ್ಲ ಅಣ್ಣಾ. ನಾನೀಗ ಇನ್ನೊಂದು ಸಂಖ್ಯೆಯವರ ಮನೆಗೆ ಹೊರಟಿದ್ದೇನೆ. ದಾಖಲೆಯಲ್ಲಿ ವಯಸ್ಸು ಹತ್ತೊಂಬತ್ತು ಎಂದಿದೆ. ಏನೂ ಭಯವಿಲ್ಲ ಎಂದು ಹೇಳಿ ಆ ಹುಡುಗಿಯನ್ನು ಹೋದ ವಾರವೇ ಮನೆಗೆ ಕಳಿಸಿದ್ದಾರೆ.