ಐವತ್ತೊಂಬತ್ತನೆಯ ಹಕ್ಕಿ

ಅತಿಥಿಗೃಹದ ಯಜಮಾನರಾದ ಡಾನ್ ಲಿಯೋನಿದಾಸ್ ಅವರಿಗೆ,

ದುರ್ಬೀನು ಕೊಡುತ್ತೇನೆಂದಿರಿ, ಕೊಡಲಿಲ್ಲ. ನನ್ನನ್ನು ಗೈಡ್ ಮಾಡುತ್ತೇನೆಂದಿರಿ, ಒಂಬತ್ತು ವರ್ಷದಿಂದ ಹಕ್ಕಿಗಳು ಕುಡಿಯಲೆಂದು ತೂಗುಹಾಕಿದ ಬಾಟಲಿಗಳಿಗೆ ನನ್ನ ಕೈಯಲ್ಲಿ ಸಕ್ಕರೆ ನೀರು ತುಂಬಿಸುತ್ತಿದ್ದೀರಿ. ಬೇಲಿ ಹಾಕಿದರೂ ಗುಡ್ಡದ ದಾರಿ ಊರಿನವರದೇ ಎಂದಿರಿ, ಗೇಟಿಗೆ ಬೀಗ ಜಡಿದಿರಿ.

ನಿನ್ನೆ ಊಟದ ಮೇಜಿನಲ್ಲಿ ನಿಮ್ಮ ಅತಿಥಿಗಳು ತಾವು ನೋಡಿದ ಹಮ್ಮಿಂಗ್‌ಬರ್ಡ್ ಜಾತಿಗಳನ್ನು ಎಣಿಸುತ್ತಿದ್ದರು. ಒಬ್ಬ ನೂರಾ ಹನ್ನೆರಡು ಎಂದ, ಇನ್ನೊಬ್ಬ ನೂರಾ ಮೂವತ್ತು. ನನ್ನನ್ನೂ ಕೇಳಿದರು. ಐವತ್ತೆಂಟು ಎಂದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ: "ಅಯ್ಯೋ, ಇವ್ಳು ಗಂಡು ಬೇರೆ, ಹೆಣ್ಣು ಬೇರೆ ಎಣಿಸ್ತಾಳೆ! ಗಂಡನ್ನ ಬರ್ಕೊಂಡ್ರೆ ಹೆಣ್ಣೂ ಅದ್ರಲ್ಲೇ ಬಂತು ಕಣೇ!"

ಹೌದು, ಬೇರೆಯೇ ಎಣಿಸುತ್ತೇನೆ. ಅವಳ ಬಣ್ಣ ಬೇರೆ. ಗೂಡು ಕಟ್ಟುವವಳು, ಮರಿಗೆ ಉಣಿಸುವವಳು ಅವಳೊಬ್ಬಳೇ. ನಿಮ್ಮ ಪಟ್ಟಿಯಲ್ಲಿ ಅವಳಿಗೇಕೆ ಒಂದು ಸಾಲಿಲ್ಲ?

ಉದ್ದ ಬಾಲದ ನೇರಳೆ ಗಂಡು ದಿನವೂ ಬಾಟಲಿಗೆ ಬರುತ್ತದೆ. ಅದರ ಹೆಣ್ಣನ್ನು ನಾನು ಇನ್ನೂ ನೋಡಿಲ್ಲ. ಬೇಲಿ ಬರುವ ಮೊದಲು, ಗುಡ್ಡದ ಮೇಲಿನ ತೊರೆಯ ಹತ್ತಿರ ಅಮ್ಮ ನನ್ನನ್ನು ಎತ್ತಿಹಿಡಿದು ಅವಳ ಗೂಡು ತೋರಿಸಿದ್ದಳು. ಎರಡು ಮೊಟ್ಟೆಗಳಿದ್ದವು. "ತಾಯಿ ಬರ್ತಾಳೆ, ಸುಮ್ನೆ ಕಾಯಿ ಮಗ್ಳೇ" ಎಂದಳು. ಅಷ್ಟರಲ್ಲಿ ಮಳೆ ಬಂತು, ಇಳಿದುಬಿಟ್ಟೆವು. ಅಮ್ಮ ಈಗಿಲ್ಲ. ನಾನು ಇನ್ನೂ ಕಾಯುತ್ತಿದ್ದೇನೆ.

ಬಾಟಲಿ ತುಂಬುವ ನಾವು ಏಳೂ ಹೆಂಗಸರು ಮಾತಾಡಿಕೊಂಡಿದ್ದೇವೆ. ಗೇಟು ತೆರೆಯುವ ತನಕ ಒಂದು ಬಾಟಲಿಗೂ ಹನಿ ನೀರು ಬೀಳುವುದಿಲ್ಲ. ಅತಿಥಿಗಳಿಗೆ ಏನು ಹೇಳುತ್ತೀರೋ ನೀವೇ ಯೋಚಿಸಿ. ಬರುವಾಗ ಬೀಗದ ಕೈ ಮರೆಯಬೇಡಿ. ಶನಿವಾರ, ಬೆಳಗ್ಗೆ ಆರು ಗಂಟೆಗೆ, ಗೇಟಿನ ಮುಂದೆ.

ಕಾಯುತ್ತಿರುವ,
ಎದೆಲ್ಮೀರಾ ಚಿಲಿಕಿಂಗಾ