ಸರ್ವೆ ನಂಬರಿನ ಜಾಗದಲ್ಲಿ ನಿಮ್ಮ ಹೆಸರು

ಶಹಾಪುರ
ಫೆಬ್ರುವರಿ ೯, ಸೋಮವಾರ

ಶೇಖಮ್ಮ ಚಿಗವ್ವನಿಗೆ, ಮಾನಪ್ಪ ಬರೆಯುವುದು.

ಈ ಕಾಗದವನ್ನು ನಿಮ್ಮೂರ ಶಾಲೆಯ ಆಮೀನಾ ಟೀಚರ್ ನಿಮಗೆ ಓದಿ ಹೇಳುತ್ತಾರೆ. ನಾನೇ ಬರಬೇಕಿತ್ತು. ನಿಮ್ಮೂರು ಶಿರವಾಳದ ಬಸ್ಸಿಗೆಂದು ಎರಡು ಸಲ ಹೊರಟು ಎರಡು ಸಲವೂ ನಿಲ್ದಾಣದಿಂದ ತಿರುಗಿ ಬಂದೆ. ಮೈಕು ಸಿಕ್ಕಲ್ಲೆಲ್ಲ ನ್ಯಾಯದ ಬಗ್ಗೆ ಕೂಗುವವನಿಗೆ ನಿಮ್ಮ ಅಂಗಳದಲ್ಲಿ ನಿಂತು ನಾಲ್ಕು ಮಾತಾಡುವ ಧೈರ್ಯ ಬರಲಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮ ಕಾಲುವೆ ಆಫೀಸಿಗೆ ಹೊಸ ನಕ್ಷೆ ಬಂತು. ಕಾಗದದ್ದಲ್ಲ, ಇಂಟರ್ನೆಟ್ಟಿನಲ್ಲಿ ತೆರೆಯುವಂಥದ್ದು. ದಂಡೆಯ ಮೇಲೆ ನಡೆದು, ಹೊಲಕ್ಕೆ ನೀರು ಬಿಡುವ ಪ್ರತಿಯೊಂದು ಪೈಪಿನ ಬಳಿ ನಿಂತು ಮೊಬೈಲು ಒತ್ತಿದರೆ ಅಲ್ಲೊಂದು ಚುಕ್ಕೆ ಮೂಡುತ್ತದೆ. ಯಾರು ಬೇಕಾದರೂ ತೆರೆದು ನೋಡಬಹುದು. ಗುತ್ತಿಗೆಯ ಕಂಪ್ಯೂಟರ್ ಆಪರೇಟರನಾದ ನನ್ನ ಪಾಲಿಗೆ ಕಾಲುವೆಯ ಕೊನೆಯ ಆರು ಕಿಲೋಮೀಟರು ಬಂತು. ನನಗೆ ಹುಚ್ಚು ಸಂತೋಷ. ಕಾಲುವೆಯ ಮೇಲ್ಭಾಗದವರು ಮೋಟರು ಇಟ್ಟು ಕದ್ದು ಎಳೆಯುವ ನೀರು ಇನ್ನು ಲೋಕಕ್ಕೆಲ್ಲ ಕಾಣುತ್ತದೆ ಎಂದುಕೊಂಡೆ.

ಜಾಲಿಮುಳ್ಳು ಸರಿಸಿ ಪೈಪುಗಳನ್ನು ತೋರಿಸಿದವರು ನೀವು. "ಹನ್ನೆರಡು ದಿನ ಬಂದ್ ಆದಮ್ಯಾಲ ನೀರು ಬರತೈತಿ, ನೀ ಮಾತ್ರ ದಿನಾ ಬರ್ತಿ ನೋಡಪಾ. ಆ ಫೋನಿನಾಗ ನೀರು ಬಂದ್ರ ಹೇಳು, ಒಂದು ಕೊಡ ತುಂಬ್ಕೊಂತೀನಿ," ಅಂದಿರಿ. ಜೊತೆಗಿದ್ದ ಹೆಂಗಸರು ಬಿದ್ದುಬಿದ್ದು ನಕ್ಕರು.

ಪ್ರತಿ ಚುಕ್ಕೆಗೂ ಹೊಲದ ಸರ್ವೆ ನಂಬರು ತುಂಬಬೇಕಿತ್ತು. ಅಲ್ಲೇ ನಾನು ತಪ್ಪು ಮಾಡಿದೆ. ನೀವು ಮೆಣಸಿನಕಾಯಿ ಬೆಳೆಯುವ ಆ ಎರಡು ಎಕರೆ ಮರಿಲಿಂಗಪ್ಪನವರದು. ಒಂಬತ್ತು ವರ್ಷದಿಂದ ನೀವು ಅದನ್ನು ಬರೀ ಬಾಯಿಮಾತಿನ ಮೇಲೆ ಲಾವಣಿಗೆ ಹಿಡಿದು, ಗೇಣಿ ಕೊಟ್ಟು ಮಾಡುತ್ತಿದ್ದೀರಿ, ಒಂದು ಚೀಟಿಯೂ ಇಲ್ಲ. ಭೂಮಿ ಬೆವರು ಸುರಿಸಿದವರದು ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕರಪತ್ರಗಳಲ್ಲಿ ಓದಿದವನು ನಾನು. ಒಡೆಯನ ನಂಬರು ಯಾಕೆ ಬರೆಯಲಿ? ಆ ಜಾಗದಲ್ಲಿ ನಂಬರಿನ ಬದಲು ನಿಮ್ಮ ಹೆಸರು ಬರೆದೆ. ನಿಮ್ಮಂತೆ ಲಾವಣಿ ಮಾಡುವ ಉಳಿದ ಹತ್ತು ಮಂದಿಯ ಹೆಸರನ್ನೂ ಹಾಗೆಯೇ ಬರೆದೆ. ಬರೆಯಲೇ ಎಂದು ನಿಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ.

ಸಂಕ್ರಾಂತಿ ಕಳೆದು ಆಫೀಸಿಗೆ ಹೋದಾಗ ಕಂಪ್ಯೂಟರುಗಳೆಲ್ಲ ತಾವಾಗಿಯೇ ಅಪ್‌ಡೇಟ್ ಆಗಿ ಹೊಸ ಅವತಾರ ತಾಳಿದ್ದವು. ಹಿರಿಯ ಗುಮಾಸ್ತ ನಸೀರುದ್ದೀನ ಸಾಹೇಬರು ಕನ್ನಡಕ ಏರಿಸಿ, "ನಿನ್ನೆ ಇಲ್ಲೇ ಇದ್ದ ಬಟನ್ ಎಲ್ಲಿ ಹೋತಪಾ, ಪುಣೇಕ ಗುಳೆ ಹೋತೇನು?" ಎಂದು ಹುಡುಕುತ್ತಿದ್ದರು. ನಾನೂ ನಕ್ಕೆ. ಆಮೇಲೆ ನಕ್ಷೆ ತೆರೆದೆ. ಸರ್ವೆ ನಂಬರು ಇಲ್ಲದ ಚುಕ್ಕೆಗಳೆಲ್ಲ ಕೆಂಪಾಗಿದ್ದವು. ಕೆಂಪು ಎಂದರೆ ಅನಧಿಕೃತ. ಕಾಲುವೆಯ ಮೇಲ್ಭಾಗದ ಮೋಟರಿನವರು ಆಫೀಸಿಗೇ ಬಂದು ಕುರ್ಚಿಯಲ್ಲಿ ಕೂತು ತಮ್ಮ ನಂಬರು ಬರೆಸಿ ಹೋಗಿದ್ದರು. ಅವರ ಮೋಟರುಗಳೆಲ್ಲ ಹಸಿರು. ಮೂರೇ ದಿನದಲ್ಲಿ ಜೆಸಿಬಿ ಬಂತು, ನಿಮ್ಮ ಹನ್ನೊಂದು ಪೈಪು ಕಿತ್ತಿತು. ಕಳ್ಳರನ್ನು ತೋರಿಸಲು ಮಾಡಿದ ನಕ್ಷೆ ಜೆಸಿಬಿಗೆ ನಿಮ್ಮ ದಾರಿ ತೋರಿಸಿತು.

ಮರುದಿನ ನೀವು ಆಫೀಸಿಗೆ ಬಂದಿರಿ. ಮೆಣಸಿನ ಗಿಡ ಹೂವಿನಲ್ಲಿತ್ತು. "ಮರಿಲಿಂಗಪ್ಪ ಫೋನಿನಾಗ ನನ್ನ ಹೆಸರು ನೋಡ್ಯಾನ. ಹೊಲ ನುಂಗಾಕ ಸರಕಾರದಾಗ ಹೆಸರು ಹಚ್ಚೀಯೇನು ಅಂತ ಬೈದಾನ. ಅದನ್ನ ತಗದು ಅವನ ನಂಬರ್ ಹಾಕೋ ಯಪ್ಪಾ, ಪೈಪ್ ತಿರುಗಿ ಹಾಕ್ಕೊಂತೀನಿ. ಇನ್ನ ಐದು ದಿನಕ್ಕ ಕಾಲುವಿ ಬಂದ್ ಆಗತೈತಿ."

ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ. ಹೆಸರು ಅಳಿಸಿದರೆ ಅನ್ಯಾಯ ಒಪ್ಪಿಕೊಂಡಂತೆ, ಮೇಲಿನ ಅಧಿಕಾರಿಗಳಿಗೆ ಅರ್ಜಿ ಬರೆಯುತ್ತೇನೆ, ಗೆಲ್ಲುತ್ತೇವೆ ಎಂದೆಲ್ಲ ನಿಮ್ಮನ್ನು ನಿಲ್ಲಿಸಿಕೊಂಡೇ ಭಾಷಣ ಮಾಡಿದೆ. ನೀವು ಪೂರ್ತಿ ಕೇಳಿದಿರಿ. "ಅಲ್ಲೋ ಮಾನ್ಯಾ, ನಿನ್ನ ನಕ್ಷೆದಾಗ ನನ್ನ ಹೆಸರು ಇದ್ರ ನನ್ನ ಗಿಡ ನೀರು ಕುಡೀತಾವೇನು?" ಅಂದಿರಿ. ನೀವು ಹೋದ ಮೇಲೆ ನಾನು ಅರ್ಜಿ ಬರೆಯಲು ಕೂತೆ.

ಅರ್ಜಿಗೆ ಯಾರೂ ಉತ್ತರಿಸಲಿಲ್ಲ. ಆರನೆಯ ದಿನ ನಾನೇ ನಂಬರು ಒತ್ತಿದೆ. ಚುಕ್ಕೆ ಹಸಿರಾಯಿತು. ಅಷ್ಟರಲ್ಲಿ ಕಾಲುವೆಯ ಗೇಟು ಬಂದ್ ಆಗಿತ್ತು, ಇನ್ನು ಹನ್ನೆರಡು ದಿನ ನೀರಿಲ್ಲ. ನಿಮ್ಮ ಗಿಡದ ಹೂವು ಉದುರಿತು, ಮರಿಲಿಂಗಪ್ಪನವರು ಹೊಲವನ್ನು ಬೇರೆಯವರಿಗೆ ಕೊಟ್ಟರು. ಈಗ ನೀವು ಕೂಲಿಗೆ ಹೋಗುತ್ತೀರಂತೆ, ಮೋಟರಿನವರ ಹೊಲಕ್ಕೆ. ಆಮೀನಾ ಟೀಚರ್ ಹೇಳಿದರು.

ಆಫೀಸಿನ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಇಳಿಸುವುದೂ ಇಲ್ಲ. ಬಡವರಿಗೆ ನಂಬರು ಇರುವುದಿಲ್ಲ ಎಂದು ಗೊತ್ತಿದ್ದೇ ಅವರು ನಂಬರು ಕೇಳುತ್ತಾರೆ. ಆದರೆ ಚಿಗವ್ವ, ಆ ಐದು ದಿನ ಹೋರಾಡಿದವನು ನಾನು, ಒಣಗಿದ್ದು ನಿಮ್ಮ ಬೆಳೆ. ನನ್ನ ಸಂಬಳ ಒಂದನೇ ತಾರೀಖಿಗೆ ಬಂತು. ಇದನ್ನು ಯಾವ ಮಾತಿನಿಂದ ಮುಚ್ಚಲಿ?

ಇದರ ಜೊತೆ ಒಂದು ತಕರಾರು ಅರ್ಜಿ ಇಟ್ಟಿದ್ದೇನೆ. ಒಂಬತ್ತು ವರ್ಷ ಆ ಹೊಲ ಮಾಡಿದವರು ನೀವು, ಪೈಪು ಕಿತ್ತದ್ದಕ್ಕೆ ಬೆಳೆ ಹೋಯಿತು ಎಂದು ಬರೆದಿದೆ. ಸಾಕ್ಷಿಯಾಗಿ ನನ್ನ ಸಹಿ ಇದೆ. ಇದು ಆಫೀಸಿಗೆ ಮುಟ್ಟಿದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಮರಿಲಿಂಗಪ್ಪನವರ ಕಡೆಯವರು ನಿಮ್ಮನ್ನು ಕೂಲಿಗೂ ಕರೆಯದಿರಬಹುದು. ಅದನ್ನು ತೂಗಬೇಕಾದವರು ನೀವು. ಹೆಬ್ಬೆಟ್ಟಿನ ಜಾಗ ಖಾಲಿ ಬಿಟ್ಟಿದ್ದೇನೆ. ತಕರಾರು ಕೊಡಲು ಶುಕ್ರವಾರ ಕೊನೆಯ ದಿನ. ಒತ್ತಿದರೆ ಟೀಚರ ಕೈಯಲ್ಲಿ ಕಳಿಸಿ. ಬೇಡವೆನಿಸಿದರೆ ಒಲೆಗೆ ಹಾಕಿ, ಒಂದು ಚಹಾಕ್ಕಾದರೂ ಉರಿಯುತ್ತದೆ. ನಾನು ಯಾಕೆಂದು ಕೇಳುವುದಿಲ್ಲ.

ಯಾರ ನಂಬರನ್ನೂ ಕೇಳದ ನೀರು ಒಂದು ದಿನ ನಿಮ್ಮ ಪಾಲಿಗೆ ಬರಲಿ.

ನಿಮಗೆ ಮುಖ ತೋರಿಸಲಾರದ,
ಮಾನಪ್ಪ